ನೀಲಿ ಬಾಣದ ದಾರಿ

ಮೊದಲ ಭಾನುವಾರ

ಎಸ್ಟೇಟಿಗೆ ಹೋಗೋಣ ಎಂದು ತಮ್ಮ ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಗೂಡಲೂರು ಕಡೆಯ ಟೀ ತೋಟ. ಗುಂಡ್ಲುಪೇಟೆಯವರಿಗೆ ಎಸ್ಟೇಟ್ ಅಂದರೆ ಅಷ್ಟೇ. ಬೆಟ್ಟ, ಮಂಜು, ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಹೆಂಗಸರು. ಹಾಗಾಗಿ ಕಾರು ಇಂಗ್ಲೆಂಡಿನ ಆ ಕಲ್ಲಿನ ಕಮಾನು ದಾಟಿ ಒಳಗೆ ಹೋದಾಗ ನಾನು ಎಡಕ್ಕೂ ಬಲಕ್ಕೂ ಟೀ ಗಿಡ ಹುಡುಕುತ್ತಿದ್ದೆ. ಕಂಡದ್ದು ಬರೀ ಹುಲ್ಲು. ಅಲ್ಲೊಂದು ಇಲ್ಲೊಂದು ಭಾರಿ ಮರ, ಮರದ ಕೆಳಗೆ ಕುರಿ, ತೀರಾ ದೂರದಲ್ಲಿ ಬೂದು ಬಣ್ಣದ ಒಂದು ದೊಡ್ಡ ಮನೆ.

"ಯಾರ ಮನೆಯಪ್ಪ ಇದು?" ಎಂದೆ.

"ಯಾವನೋ ದೊರೆದು ಕಣಕ್ಕ. ಈಗ ಅವ್ರ್ಯಾರೂ ಇಲ್ಲ. ಜನ ಬಂದು ನಡೀತಾರೆ."

"ನಡೆದು?"

"ನಡೆದು ಮನೆಗೋಯ್ತಾರೆ. ಅಷ್ಟೆ."

ನಾನು ಇಂಗ್ಲೆಂಡಿಗೆ ಯಾಕೆ ಹೋದೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನೋಡಲು ಹೋದದ್ದಲ್ಲ. ನನ್ನ ತಮ್ಮ ಮಾದೇಶ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದ. ಅಲ್ಲೇ ನರ್ಸಾಗಿದ್ದ ಸುಲ್ತಾನ್ ಬತ್ತೇರಿಯ ಶ್ರೀಜಳನ್ನು ಮೆಚ್ಚಿ ಮದುವೆಯಾದ. ಅವಳಿಗೆ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿದಾಗ ಇವನೂ ಹಿಂದೆಯೇ ಹೋಗಿ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ರಾತ್ರಿ ಪಾಳಿ ಹಿಡಿದ. ಮಗಳು ಅಮ್ಮು ಅಲ್ಲೇ ಹುಟ್ಟಿದಳು. ಹೋದ ಚಳಿಗಾಲದಲ್ಲಿ, ಡ್ಯೂಟಿ ಮುಗಿಸಿ ಬಂದು ತಲೆನೋವು ಎಂದು ಮಲಗಿದ ಶ್ರೀಜ ಮತ್ತೆ ಏಳಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತಂತೆ. ಗಲ್ಫಿನಲ್ಲಿದ್ದ ಅವಳ ಅಣ್ಣ ಹೋಗಿ ಬೂದಿ ತಂದು ತಿರುನೆಲ್ಲಿಯ ಹೊಳೆಯಲ್ಲಿ ಬಿಟ್ಟ. ಅವತ್ತು ನಾನೂ ಅವ್ವನೂ ಹೋಗಿದ್ದೆವು. ರಾತ್ರಿ ಗಾಡಿ ಬಿಡದ ಕಾಡಿನ ಗೇಟು ಹಾಕುವುದರೊಳಗೆ ದಾಟಬೇಕು ಎಂದು, ಶ್ರೀಜಳ ತಾಯಿಯ ಜೊತೆ ನೆಟ್ಟಗೆ ಕೂತು ಅಳುವುದಕ್ಕೂ ಆಗದೆ ಓಡಿ ಬಂದೆವು.

ದಾರಿಯಲ್ಲಿ ಅವ್ವ ಹೇಳಿದಳು, "ಕೂಸ್ನ ಇಲ್ಗೆ ಕರ್ಕೊಂಬಂದ್ಬುಡಮ್ಮಿ. ಅವ್ನು ಗಂಡ್ಸು, ರಾತ್ರಿ ಡ್ಯೂಟಿಗೋಗನು, ಎಂಗ್ ಸಾಕಾನು?"

ನಾನು ಗುಂಡ್ಲುಪೇಟೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ನನ್ನ ಯಜಮಾನರು ತೀರಿಕೊಂಡು ಕೆಲವು ವರ್ಷಗಳಾದವು. ಮಕ್ಕಳಾಗಲಿಲ್ಲ. ಅವ್ವನ ಜೊತೆಯಲ್ಲೇ ಇದ್ದೇನೆ. ಬೇಸಿಗೆ ರಜಕ್ಕೆ ಹೋಗಿ ಅಮ್ಮುವನ್ನು ಕರೆದುಕೊಂಡು ಬರುವುದು ಎಂದು ತೀರ್ಮಾನವಾಯಿತು. ಬತ್ತೇರಿಯವರೂ ಒಪ್ಪಿದರು, ಮಗು ತಮಗೂ ಹತ್ತಿರವಾಗುತ್ತಾಳೆ ಎಂದು. ಮಾದೇಶ ಫೋನಿನಲ್ಲಿ "ಊಂ ಕಣಕ್ಕ" ಎಂದ. ಬೀದಿ ಕಡೆಯ ಕೋಣೆಗೆ ನಾನು ಸುಣ್ಣ ಹೊಡೆಸಿದೆ. ಕಿಟಕಿ ಪಕ್ಕ ಮಂಚ ಹಾಕಿಸಿದೆ. ಸಂತೆಮರಹಳ್ಳಿಯಲ್ಲಿರುವ ನನ್ನ ಗೆಳತಿಯೊಬ್ಬಳು ಎರಡು ಪುಟ್ಟ ಲಂಗ ಹೊಲಿದುಕೊಟ್ಟಳು. ಮನೆಯಲ್ಲಿ ಎಲ್ಲರೂ ಅಳುತ್ತಿದ್ದ ಆ ದಿನಗಳಲ್ಲಿ ನನ್ನೊಳಗೆ ಒಂದು ಸಣ್ಣ ಸಂತೋಷ ಓಡಾಡುತ್ತಿತ್ತು. ಅದನ್ನು ಯಾರಿಗೂ ತೋರಿಸಲಿಲ್ಲ.

ಇಂಗ್ಲೆಂಡಿನಲ್ಲಿ ಇಳಿದ ಮೇಲೆ ಗೊತ್ತಾದದ್ದು, ಮಾದೇಶ ಮಗುವಿಗೆ ಊರಿಗೆ ಹೋಗುವ ವಿಷಯವನ್ನೇ ಇನ್ನೂ ಹೇಳಿಲ್ಲ ಎಂದು. ಅಮ್ಮು ನಾನು ರಜಕ್ಕೆ ಬಂದಿದ್ದೇನೆ ಎಂದುಕೊಂಡಿದ್ದಳು.

"ಭಾನುವಾರ ಎಸ್ಟೇಟ್‌ಗೋಗನ. ಅಲ್ಲಿ ಯೋಳ್ತೀನಿ" ಎಂದ.

ಕುರಿಗಳ ಬಯಲು

ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಮರದ ಹಲಗೆ. ಅದರ ಮೇಲೆ ಆ ಹಳೇ ದೊರೆಯ ನೆಲದ ನಕ್ಷೆ, ಬಣ್ಣ ಬಣ್ಣದ ಬಾಣಗಳು. ಕೆಂಪು ಬಾಣದ ದಾರಿ ಕಾಲಲ್ಲಿ ಕಸುವಿದ್ದವರಿಗೆ. ನೀಲಿ ಬಾಣದ್ದು ಮಕ್ಕಳು ಮರಿ ಇರುವ ಕುಟುಂಬಗಳಿಗೆ. ಅದು ಕುರಿ ಬಯಲು, ಗೋಡೆ ಕಟ್ಟಿದ ತೋಟ, ಕಾಡು, ಕೆರೆ ಎಲ್ಲವನ್ನೂ ಸುತ್ತಿ ಮತ್ತೆ ಕಾರಿನ ಹತ್ತಿರವೇ ತಂದು ಬಿಡುತ್ತದೆ. ಹೊರಟಲ್ಲಿಗೇ ಬರುವುದಕ್ಕೆ ಇಷ್ಟು ಜನ ಮಕ್ಕಳನ್ನು ಹೊತ್ತು, ನಾಯಿ ಹಿಡಿದು ಬಂದಿದ್ದರು.

ನಮ್ಮಲ್ಲಿ ಯಾರೂ ಸುಮ್ಮನೆ ನಡೆಯುವುದಿಲ್ಲ. ಬಸ್ಸಿಗೆ ನಡೆಯುತ್ತೇವೆ, ಸಂತೆಗೆ ನಡೆಯುತ್ತೇವೆ, ಹರಕೆ ಹೊತ್ತು ಮಾದಪ್ಪನ ಬೆಟ್ಟಕ್ಕೆ ನಡೆಯುತ್ತೇವೆ. ಚಾಮರಾಜನಗರದ ರಸ್ತೆಯಲ್ಲಿ ಒಬ್ಬ ಹೆಂಗಸು ನಡೆಯುತ್ತಿದ್ದರೆ, ಎದುರಿಗೆ ಬಂದವರು ಎಲ್ಲಿಗೆ ಎಂದು ಕೇಳಿಯೇ ಕೇಳುತ್ತಾರೆ. ಸುಮ್ಮನೆ ಎಂದು ಹೇಳಿದರೆ, ಮನೆಯಲ್ಲಿ ಜಗಳವಾಯಿತೇನೋ ಎಂದು ಮರುಗುತ್ತಾರೆ. ಇಲ್ಲಿ ಎದುರಿಗೆ ಬಂದವರೆಲ್ಲ ನಗುತ್ತಾರೆ, ಬಿಸಿಲು ಚೆನ್ನಾಗಿದೆ ಅನ್ನುತ್ತಾರೆ, ಉತ್ತರ ಕೇಳದೆ ಮುಂದೆ ಹೋಗುತ್ತಾರೆ. ಬಿಸಿಲೋ, ಹೆಸರಿಗೆ ಮಾತ್ರ. ಸ್ವೆಟರಿನ ಮೇಲೆ ಶಾಲು ಹೊದ್ದರೂ ನಾನು ನಡುಗುತ್ತಿದ್ದೆ.

ನನ್ನ ಚಪ್ಪಲಿ ನೋಡಿ ಮಾದೇಶ ತಲೆಯಾಡಿಸಿದ. ಡಿಕ್ಕಿ ತೆಗೆದು ಮೊಣಕಾಲವರೆಗೆ ಬರುವ ಹಸಿರು ರಬ್ಬರ್ ಬೂಟು ಕೊಟ್ಟ. ಶ್ರೀಜಳದು. ನಾನು ಅದರೊಳಗೆ ಕಾಲಿಟ್ಟೆ, ಸೀರೆಯ ನೆರಿಗೆಯನ್ನೂ ತುರುಕಿದೆ. ಸರಿಯಾಗಿ ಹಿಡಿಸಿತು. ಅಮ್ಮು ನನ್ನ ಕಾಲನ್ನೇ ನೋಡುತ್ತಿದ್ದಳು. ಏಳು ವರ್ಷದ ಮಗು, ತಾಯಿಯ ಹಾಗೇ ಗುಂಗುರು ಕೂದಲು, ನಮ್ಮ ಕಡೆಯ ಮೂಗು.

"ಅತ್ತೆ, ಅದು ಅಮ್ಮಂದು. ತೊಳೆದು ವಾಪಸ್ ಕಾರಲ್ಲಿ ಇಡಬೇಕು" ಎಂದಳು.

"ಆಗಲಿ ಕಣಮ್ಮಿ" ಎಂದೆ.

ಬಯಲಿಗೆ ಹೋಗುವಲ್ಲಿ ಒಂದು ವಿಚಿತ್ರವಾದ ಗೇಟು. ಒಳಗೆ ಹೊಕ್ಕು, ಮೂಲೆಗೆ ಸರಿದು ನಿಂತು, ಗೇಟನ್ನು ಹಿಂದಕ್ಕೆ ತಳ್ಳಿ ಆಚೆ ಬರಬೇಕು. ಕುರಿಗೆ ಅಷ್ಟು ಬುದ್ಧಿಯಿಲ್ಲ ಎನ್ನುವ ಧೈರ್ಯದ ಮೇಲೆ ಮಾಡಿದ್ದು. ನಾನು ಮೂಲೆಗೆ ಸರಿದೆ, ಸೆರಗು ಅಗುಳಿಗೆ ಸಿಕ್ಕಿಕೊಂಡಿತು. ಅತ್ತ ಹೋಗಲಾರೆ, ಇತ್ತ ಬರಲಾರೆ. ಹಿಂದೆ ಒಂದು ದೊಡ್ಡ ಕುಟುಂಬ, ಎರಡು ನಾಯಿ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ತಪ್ಪು ನನ್ನದಾದರೂ ಅವರೇ ಸಾರಿ ಎಂದರು. ಅಮ್ಮು ಬಗ್ಗಿ ಬಂದು ಸೆರಗು ಬಿಡಿಸಿದಳು. ಆಮೇಲೆ ಪ್ರತಿ ಗೇಟಿನಲ್ಲೂ ಮೊದಲು ನನ್ನ ಸೆರಗು ಹಿಡಿದುಕೊಂಡೇ ನನ್ನನ್ನು ದಾಟಿಸಿದಳು.

ಬಯಲಿನ ಕೊನೆಯಲ್ಲಿ ನಾನು ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಬೀಳುತ್ತಿದ್ದೆ. ದೂರದಿಂದ ನೋಡಿದರೆ ಹುಲ್ಲು ದೊರೆಯ ಮನೆಯ ಮೆಟ್ಟಿಲವರೆಗೂ ಒಂದೇ ಸಮ ಕಾಣುತ್ತದೆ. ಹತ್ತಿರ ಬಂದರೆ ನಡುವೆ ಆಳವಾದ ಕಂದಕ. ಕುರಿಗಳು ಮನೆ ಹತ್ತಿರ ಬರಬಾರದು, ಆದರೆ ದೊರೆಯ ಕಣ್ಣಿಗೆ ಬೇಲಿಯೂ ಕಾಣಬಾರದು ಎಂದು ಹಾಗೆ ತೋಡಿಸಿದ್ದಂತೆ. ಅದರ ಹೆಸರು ಹಾ ಹಾ ಎಂದು ಅಮ್ಮು ಹೇಳಿದಾಗ ನಾನು ನಂಬಲಿಲ್ಲ.

"ನಮ್ಮೂರಲ್ಲೂ ಕಾಡಿನಂಚಿಗೆ ಹಿಂಗೇ ತೋಡವ್ರೆ" ಎಂದೆ. "ಆನೆ ಬರದಂಗೆ."

"ಆನೆ ಬರುತ್ತಾ ನಿಮ್ಮ ಮನೆಗೆ?"

"ಮನೆಗಿಲ್ಲ. ಹೊಲಕ್ಕೆ ಬರುತ್ತೆ."

ಅವಳ ಕಣ್ಣು ಅರಳಿತು. ನಾನು ಮಾದೇಶನ ಕಡೆ ನೋಡಿದೆ. ಹೇಳಲು ಇದೇ ಸಮಯ ಎಂದು ನನಗೆ ಅನಿಸಿತು. ಅವನು ಬೇರೆಲ್ಲೋ ನೋಡುತ್ತಿದ್ದ.

ಗೋಡೆಯೊಳಗಿನ ತೋಟ

ಆನೆ ಎತ್ತರದ ಇಟ್ಟಿಗೆ ಗೋಡೆಯ ಒಳಗೆ ದೊರೆಯ ಮನೆಗೆ ತರಕಾರಿ ಬೆಳೆಯುತ್ತಿದ್ದ ತೋಟ. ಗೋಡೆ ಬಿಸಿಲಿನ ಕಾವು ಹಿಡಿದಿಡುತ್ತದಂತೆ, ಆ ದೇಶದಲ್ಲಿ ನಾನು ಶಾಲು ತೆಗೆದ ಒಂದೇ ಜಾಗ ಅದು. ಗೋಡೆಗೆ ಅಂಟಿಸಿ ಹಣ್ಣಿನ ಗಿಡಗಳನ್ನು ಬೆಳೆಸಿದ್ದರು, ಕೊಂಬೆಗಳನ್ನೆಲ್ಲ ಅಡ್ಡಕ್ಕೆ ಎಳೆದು ಕಟ್ಟಿ. ಗಿಡಕ್ಕೆ ನೋಯುವುದಿಲ್ಲವೇ ಅನಿಸಿತು. ಪಾತಿ ಪಾತಿಯಲ್ಲೂ ಹೆಸರು ಬರೆದ ಕಡ್ಡಿ ನೆಟ್ಟಿದ್ದರು. ಉಮ್ಮತ್ತೂರಿನಲ್ಲಿ ನಮ್ಮ ದೊಡ್ಡಪ್ಪ ಅರಿಸಿನದ ಪಾತಿಗೆ ಹೆಸರು ಬರೆದು ನೆಟ್ಟಿದ್ದರೆ ಊರೇ ಬಂದು ನೋಡುತ್ತಿತ್ತು.

ಅಲ್ಲಿ ಪೀಟರ್ ಎನ್ನುವ ಮುದುಕರು ಕಳೆ ಕೀಳುತ್ತಿದ್ದರು. ಸಂಬಳಕ್ಕಲ್ಲ, ಪ್ರೀತಿಗೆ. ಆ ದೇಶದಲ್ಲಿ ನಿವೃತ್ತರಾದವರು ಹೀಗೆ ಹಳೇ ತೋಟಗಳಲ್ಲಿ, ಹಳೇ ಮನೆಗಳಲ್ಲಿ ಬಿಟ್ಟಿ ದುಡಿಯುತ್ತಾರೆ. ಅಮ್ಮುವನ್ನು ಕಂಡದ್ದೇ ಮಂಡಿ ಹಿಡಿದುಕೊಂಡು ಎದ್ದು ನಿಂತರು. ಒಂದು ಎಳೇ ಸೊಪ್ಪು ಕಿತ್ತು ಕೊಟ್ಟು, ಅಗಿ ಎಂದರು. ಅವಳು ಹುಳಿಗೆ ಕಣ್ಣು ಮುಚ್ಚಿಕೊಂಡಳು. ಅದು ಅವರಿಬ್ಬರ ಹಳೇ ಆಟ ಎಂದು ಕಾಣುತ್ತದೆ.

"ಅಮ್ಮ ಬರಲಿಲ್ಲವಾ? ಇವತ್ತೂ ಡ್ಯೂಟಿನಾ?" ಎಂದು ಕೇಳಿದರು.

"ಹೌದು, ಡ್ಯೂಟಿ" ಎಂದಳು ಅಮ್ಮು.

ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಪೀಟರ್ "ಪಾಪ, ನರ್ಸುಗಳನ್ನು ಸಿಕ್ಕಾಪಟ್ಟೆ ದುಡಿಸುತ್ತಾರೆ" ಎಂದು ನನ್ನ ಕಡೆ ತಿರುಗಿ ನಕ್ಕರು. ನಾನು ಮಾದೇಶನನ್ನು ನೋಡಿದೆ. ಅವನು ನೆಲ ನೋಡುತ್ತಾ ಬೂಟಿನ ತುದಿಯಿಂದ ಜಲ್ಲಿಕಲ್ಲು ಸರಿಸುತ್ತಿದ್ದ.

ಆಮೇಲೆ ಟೀ ಕುಡಿಯಲು ಕೂತೆವು. ದೊರೆಯ ಕುದುರೆ ಲಾಯವನ್ನೇ ಟೀ ಅಂಗಡಿ ಮಾಡಿದ್ದಾರೆ. ಕುದುರೆ ಕಟ್ಟುತ್ತಿದ್ದ ಒಂದೊಂದು ಅಂಕಣದಲ್ಲೂ ಒಂದು ಮೇಜು. ಅಮ್ಮು ಹೊರಗೆ ಬಾತುಕೋಳಿಗಳ ಹಿಂದೆ ಹೋಗಿದ್ದಳು.

"ಮನೇಲಿ, ಸ್ಕೂಲಲ್ಲಿ, ಎಲ್ರಿಗೂ ಗೊತ್ತು ಕಣಕ್ಕ" ಎಂದ ಮಾದೇಶ. "ಅವ್ಳಿಗೂ ಗೊತ್ತು. ಇಲ್ಲಿ ಮಾತ್ರ ಯಾರ್ಗೂ ಯೋಳಿಲ್ಲ. ಮೊದಲ್ನೇ ಸಲ ಆ ತಾತ ಕೇಳ್ದಾಗ ಇವ್ಳೇ ಡ್ಯೂಟಿ ಅಂದ್ಬುಟ್ಳು. ನಾನ್ ಸುಮ್ನಾದೆ. ಅವತ್ತಿಂದ ಭಾನುವಾರ ಬಂದ್ರೆ ಸಾಕು, ಎಸ್ಟೇಟ್‌ಗೋಗನ ಅಂತಾಳೆ."

"ನೀನು ಸುಮ್ಮನಿದ್ದದ್ದು ಸರಿಯಾ?"

"ನಂಗೂ ಒಂದ್ ಗಳಿಗೆ ಡ್ಯೂಟಿಗೇ ಹೋಗವ್ಳೆ ಅನ್ಸುತ್ತೆ. ಅದ್ಕೇ ಸುಮ್ನಿರ್ತೀನಿ."

ಅವತ್ತೂ ಮಗುವಿಗೆ ಏನೂ ಹೇಳದೆ ವಾಪಸು ಬಂದೆವು. ಬೂಟು ತೊಳೆದು, ಒರೆಸಿ, ಕಾರಿನಲ್ಲಿಟ್ಟೆ.

ನಡುವಿನ ದಿನಗಳು

ಸಂಜೆಯಾದರೆ ಮಾದೇಶ ಡ್ಯೂಟಿಗೆ ಹೊರಡುತ್ತಿದ್ದ. ನಾನು ಬರುವ ಮೊದಲು, ಆ ಹೊತ್ತಿಗೆ ಅಮ್ಮು ತನ್ನ ದಿಂಬು ಬಗಲಿಗಿಟ್ಟುಕೊಂಡು, ಪಕ್ಕದ ಬೀದಿಯ ಒಬ್ಬ ಮಲಯಾಳಿ ನರ್ಸಿನ ಮನೆಗೆ ಮಲಗಲು ಹೋಗುತ್ತಿದ್ದಳಂತೆ. ಒಳ್ಳೆಯ ಜನ. ಆದರೂ ಅವ್ವ ಹೇಳಿದ್ದು ಸರಿ ಎಂದು ನನಗೆ ಮತ್ತೆ ಮತ್ತೆ ಅನಿಸಿತು. ಮನೆಯಲ್ಲಿ ತಂದೆ ಮಗಳು ಹೆಚ್ಚು ಮಾತಾಡುತ್ತಿರಲಿಲ್ಲ. ಇವನು ಹಗಲು ನಿದ್ದೆ, ಅವಳು ಟಿವಿ. ನಾನು ಉಪ್ಪಿಟ್ಟು ಮಾಡಿದರೆ ಇಬ್ಬರೂ ತಲೆ ತಗ್ಗಿಸಿಕೊಂಡು ತಿನ್ನುತ್ತಿದ್ದರು. ಮಾತು ಬರುತ್ತಿದ್ದದ್ದು ಆ ಎಸ್ಟೇಟಿನ ವಿಷಯಕ್ಕೆ ಮಾತ್ರ. ಕೆರೆಯಲ್ಲಿ ಹಂಸ ಮರಿ ಮಾಡಿರಬಹುದಾ, ಮಳೆ ಬಂದರೆ ಯಾವ ದಾರಿ ಕೆಸರಾಗುತ್ತದೆ, ಹೀಗೆ.

ರಾತ್ರಿ ಊಟವಾದ ಮೇಲೆ ಅಮ್ಮು ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು. ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಸುಣ್ಣ ಹೊಡೆಸಿದ ಆ ಕೋಣೆಯಲ್ಲಿ ಇವಳು ಹೀಗೇ ಮಲಗುತ್ತಾಳೆ ಎಂದು ನಾನು ನೆನೆಸಿಕೊಳ್ಳುತ್ತಿದ್ದೆ.

ಎರಡನೇ ಭಾನುವಾರ: ನೀಲಿ ಹೂವಿನ ಕಾಡು

ಆ ಕಾಡನ್ನು ನಾನು ಮರೆಯಲಾರೆ. ಮರಗಳು ಇನ್ನೂ ಪೂರ್ತಿ ಚಿಗುರಿರಲಿಲ್ಲ. ಅವುಗಳ ಬುಡದಲ್ಲಿ ನೆಲವೇ ಕಾಣದ ಹಾಗೆ ನೀಲಿ ಹೂವು. ಕಣ್ಣು ಹಾಯುವವರೆಗೂ ಅದೇ ಬಣ್ಣ. ನಮ್ಮ ಕಡೆ ಚೆಂಡು ಹೂವಿನ ಕಾಲಕ್ಕೆ ಗುಂಡ್ಲುಪೇಟೆಯಿಂದ ಕೇರಳದ ದಾರಿಯುದ್ದಕ್ಕೂ ಹೊಲಗಳು ಹಳದಿ ಕೆಂಪಾಗುತ್ತವೆ, ಕಾರು ನಿಲ್ಲಿಸಿ ಫೋಟೋ ತೆಗೆಯುವವರು ಹೂವಿನ ಮಧ್ಯೆಯೇ ನುಗ್ಗುತ್ತಾರೆ. ಇಲ್ಲಿ ಅಷ್ಟು ಜನರಲ್ಲಿ ಒಬ್ಬರೂ ದಾರಿ ಬಿಟ್ಟು ಕಾಲಿಡಲಿಲ್ಲ. ಕಾವಲಿನವನೂ ಇರಲಿಲ್ಲ. ಮಕ್ಕಳು ಕೂಡ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು.

ಇದ್ದಕ್ಕಿದ್ದ ಹಾಗೆ ಆಲಿಕಲ್ಲು ಬಿತ್ತು. ಓಡಿ ಒಂದು ದೊಡ್ಡ ಮರದ ಕೆಳಗೆ ನಿಂತೆವು. ಬ್ಯಾಲೆನ್ಸ್ ತಪ್ಪಿ ನಾನು ಪಕ್ಕದ ಗಿಡ ಹಿಡಿದುಕೊಂಡೆ, ಅಂಗೈಯೆಲ್ಲ ಚೇಳು ಕುಟುಕಿದ ಹಾಗೆ ಉರಿಯಿತು. ನೋಡಲು ತುಳಸಿಯ ಹಾಗಿರುವ ಸೊಪ್ಪು. ಅಮ್ಮು ಗಾಬರಿಯಾಗಲಿಲ್ಲ. ಸುತ್ತ ಹುಡುಕಿ ಒಂದು ಅಗಲವಾದ ಎಲೆ ಕಿತ್ತಳು, ನನ್ನ ಅಂಗೈ ಬಿಡಿಸಿ ಉಜ್ಜತೊಡಗಿದಳು.

"ಅಮ್ಮ ಹೇಳಿಕೊಟ್ಟಿದ್ದು. ಉರಿಯೋ ಗಿಡದ ಪಕ್ಕದಲ್ಲೇ ಇದು ಇರುತ್ತೆ. ಅಳಬೇಡಿ ಅತ್ತೆ."

ಕೈಯುರಿಗೆ ನಾನು ಅಳುತ್ತಿದ್ದೇನೆ ಎಂದುಕೊಂಡಿದ್ದಳು.

ಮಾದೇಶ ನನ್ನ ಪಕ್ಕಕ್ಕೆ ಸರಿದ. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, "ನಂಗಾಗಲ್ಲ ಕಣಕ್ಕ, ನೀನೇ ಯೋಳ್ಬುಡು" ಎಂದ. ಆಲಿಕಲ್ಲು ನಿಂತಿತ್ತು. ನಾನೇ ಹೇಳಿದೆ. ಗುಂಡ್ಲುಪೇಟೆಯ ಮನೆ, ಅಜ್ಜಿ, ಕಿಟಕಿ ಪಕ್ಕದ ಮಂಚ, ಬತ್ತೇರಿಗೆ ಬೇಕೆಂದಾಗ ಹೋಗಬಹುದು, ದಾರಿಯಲ್ಲಿ ಜಿಂಕೆ ಕಾಣುತ್ತವೆ, ಆನೆಯೂ ಕಾಣಬಹುದು. ಮಕ್ಕಳಿಗೆ ಪಾಠ ಹೇಳಿ ಅಭ್ಯಾಸವಿರುವವಳು, ಚೆನ್ನಾಗಿಯೇ ಹೇಳಿದೆ.

"ಅಪ್ಪ?" ಎಂದಳು.

"ಅಪ್ಪ ಇಲ್ಲೇ ಇರುತ್ತಾರೆ. ಕೆಲಸ ಇದೆಯಲ್ಲ. ರಜಕ್ಕೆ ಬರುತ್ತಾರೆ."

ಅವಳು ತಂದೆಯನ್ನು ನೋಡಿದಳು. ಅವನು ತಲೆಯಾಡಿಸಿದ. "ಸರಿ" ಎಂದಳು. ಅಷ್ಟೇ. ಅಳಲಿಲ್ಲ, ಇನ್ನೊಂದು ಪ್ರಶ್ನೆ ಕೇಳಲಿಲ್ಲ. ನೀಲಿ ಬಾಣ ನೋಡುತ್ತಾ ನಮಗಿಂತ ಮುಂದೆ ನಡೆದಳು. ಸುಸೂತ್ರವಾಗಿ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಆ ಸಂಜೆ ಅವ್ವನಿಗೆ ಫೋನು ಮಾಡಿ, ಕೂಸು ಒಪ್ಪಿದಳು ಎಂದೆ. ಅವ್ವ ಫೋನಿನಲ್ಲೇ ಮಾದಪ್ಪನಿಗೆ ಕೈ ಮುಗಿದಳು.

ಮೂರನೇ ಭಾನುವಾರ: ಕೆರೆ ದಂಡೆ

ನಮ್ಮ ವಿಮಾನ ಆ ವಾರದಲ್ಲೇ ಇತ್ತು. ಕೊನೆಯ ಸಲ ಹೋಗಿ ಬರೋಣ ಎಂದು ಹೊರಟೆವು. ಅವತ್ತು ಅಮ್ಮು ನನ್ನ ಸೆರಗು ಹಿಡಿಯಲಿಲ್ಲ. ತಂದೆಯ ಕೈ ಹಿಡಿದುಕೊಂಡು ಮುಂದೆ ಹೋದಳು. ನಾನು ಹಿಂದೆ.

ಮೊದಮೊದಲು ಅವರ ಮಾತು ನನ್ನ ಕಿವಿಗೆ ಬೀಳಲಿಲ್ಲ. ಕೆರೆಯ ಹತ್ತಿರ ದಾರಿ ಕವಲಾಗುತ್ತದೆ. ಅಲ್ಲಿ ನಿಂತಿದ್ದಾಗ ಕೇಳಿಸಿತು.

"ಅಪ್ಪ, ಇಲ್ಲಿ ನೀನು ಯಾವಾಗಲೂ ತಪ್ಪು ಹೋಗ್ತೀಯ. ಕೆಂಪು ಬಾಣ ದೊಡ್ಡದು, ಅದೇ ಕಣ್ಣಿಗೆ ಬೀಳುತ್ತೆ. ನೀಲಿದು ಆ ಮರದ ಹಿಂದೆ ಇದೆ. ಬಗ್ಗಿ ನೋಡಬೇಕು. ನೋಡು."

ಮಾದೇಶ ಬಗ್ಗಿ ನೋಡಿದ.

"ಕಾಣಿಸ್ತಾ?"

"ಊಂ."

"ಕೆಂಪು ದಾರಿಗೆ ಹೋದರೆ ಸುಸ್ತಾಗುತ್ತೆ. ನೀನು ರಾತ್ರಿ ನಿದ್ದೆ ಮಾಡಿರಲ್ಲ. ಒಬ್ಬನೇ ಬಂದಾಗ ನೀಲಿಯಲ್ಲೇ ಹೋಗು."

ದಾರಿ ಗೊತ್ತಿದ್ದದ್ದು ಶ್ರೀಜಳಿಗೆ. ನಕ್ಷೆ ಅವಳ ಕೈಯಲ್ಲಿರುತ್ತಿತ್ತಂತೆ. ಮಾದೇಶ ಊಟದ ಚೀಲ ಹೊತ್ತು ಹಿಂದೆ ಬರುತ್ತಿದ್ದವನು. ಅವಳು ಹೋದ ಮೇಲೆ ಮಗಳು ಮುಂದೆ, ಇವನು ಹಿಂದೆ. ಈಗ ಆ ಮಗು, ತಂದೆ ಒಬ್ಬನೇ ನಡೆಯುವ ಭಾನುವಾರಗಳಿಗೆ ಅವನನ್ನು ತಯಾರು ಮಾಡುತ್ತಿದ್ದಳು. ಎಲ್ಲಿ ಕೆಸರು, ಎಲ್ಲಿ ಉರಿಯುವ ಗಿಡ, ಯಾವ ಗೇಟಿನ ಅಗುಳಿಯನ್ನು ಎತ್ತಿ ಎಳೆಯಬೇಕು, ಹಂಸ ಮರಿ ಮಾಡಿದಾಗ ಯಾಕೆ ದಂಡೆಗೆ ಹೋಗಬಾರದು. ಒಂದೊಂದನ್ನೂ ಹೇಳಿ, ಅವನು ಊಂ ಎನ್ನುವವರೆಗೂ ಕಾಯುತ್ತಿದ್ದಳು.

"ಆಮೇಲೆ ಪೀಟರ್ ಕೇಳ್ತಾರೆ" ಎಂದಳು. "ಅಮ್ಮು ಎಲ್ಲಿ ಅಂತ. ಆಗ ಏನು ಹೇಳ್ತೀಯ?"

ಅವನು ಕೆರೆಯ ಕಡೆ ತಿರುಗಿದ.

"ಅಮ್ಮನ ಜೊತೆ ಹೋಗಿದ್ದಾಳೆ ಅನ್ನು. ಡ್ಯೂಟಿ ಮುಗಿಸಿ ಇಬ್ಬರೂ ಬರ್ತಾರೆ ಅನ್ನು."

ನಾನು ಕೆರೆಯ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟೆ. ಆ ದೇಶದಲ್ಲಿ ಒಂದೊಂದು ಬೆಂಚಿಗೂ ಸತ್ತವರ ಹೆಸರಿನ ಪಟ್ಟಿ ಹೊಡೆದಿರುತ್ತಾರೆ, ಇಂಥವರಿಗೆ ಈ ಜಾಗ ಇಷ್ಟವಾಗಿತ್ತು ಎಂದು. ನಮ್ಮಲ್ಲಿ ಬಸ್ ತಂಗುದಾಣದ ನೆತ್ತಿಯ ಮೇಲೆ, ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೆ ಬರೆಸುವ ಹಾಗೆ. ನಾನು ಕೂತ ಬೆಂಚು ಯಾರೋ ಗಂಡ ಹೆಂಡತಿಯದು.

ಅಮ್ಮು ಬಾತುಕೋಳಿಗಳ ಹತ್ತಿರ ಹೋದಾಗ ಮಾದೇಶ ಬಂದು ಪಕ್ಕದಲ್ಲಿ ಕೂತ.

"ಕೂಸ್ನ ನಾನು ಕರ್ಕೊಂಡೋಗಲ್ಲ ಕಣಪ್ಪ" ಎಂದೆ.

"ಅಕ್ಕ, ಎಲ್ಲ ತೀರ್ಮಾನ ಆಗೋಗದೆ. ಅವ್ವ ಕಾಯ್ತಾ ಅವ್ಳೆ."

"ಅವ್ವಂಗೆ ನಾನು ಹೇಳ್ತೀನಿ. ನೀನು ಹಗಲು ಡ್ಯೂಟಿ ಕೇಳು. ಕೊಡದಿದ್ರೆ ಬೇರೆ ಕೆಲ್ಸ ನೋಡು. ಅಡುಗೆ ಮಾಡೋದು ಕಲಿ. ಅವಳು ಅಲ್ಲಿಗೆ ಬಂದ್ರೆ ನಿನ್ನ ಚಿಂತೇಲೇ ಇರ್ತಾಳೆ, ನಮ್ಮತ್ರ ಒಂದು ದಿನವೂ ಮಗುವಾಗಿರಲ್ಲ."

"ನಂಗ್ ಕೈಲಾಗ್ದಿದ್ರೆ?"

"ಆಗ ನಾನು ಇದ್ದೀನಲ್ಲ. ಬರ್ತೀನಿ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಶ್ರೀಜ ಹೋದಾಗಲೂ ಫೋನಿನಲ್ಲಿ ಅಳದಿದ್ದವನು ಭುಜ ಕುಲುಕಿಸಿಕೊಂಡು ಅತ್ತ. ನಡೆಯುತ್ತಿದ್ದವರು ಕಂಡೂ ಕಾಣದವರ ಹಾಗೆ ಹೋದರು. ನಮ್ಮೂರಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಸುತ್ತ ಕೂತು, ನೀರು ಕುಡಿಸಿ, ವಿಷಯ ಕೇಳುತ್ತಿದ್ದರು. ಯಾವುದು ವಾಸಿ ಎಂದು ನನಗೆ ಗೊತ್ತಾಗಲಿಲ್ಲ.

"ಇನ್ನೊಂದು" ಎಂದೆ. "ಆ ತಾತನಿಗೆ ನಿಜ ಹೇಳ್ಬಿಡು. ಅವಳಿಂದ ಇನ್ನು ಸುಳ್ಳು ಹೇಳಿಸಬೇಡ."

ಬಂದ ದಾರಿಯಲ್ಲೇ ಹಿಂತಿರುಗಿ ಗೋಡೆಯೊಳಗಿನ ತೋಟಕ್ಕೆ ಹೋದೆವು. ಪೀಟರ್ ಎದ್ದು ನಿಂತರು. ಮಾದೇಶ ನಿಂತಲ್ಲೇ ಹೇಳಿದ. ನನ್ನ ಹೆಂಡತಿ ಡ್ಯೂಟಿಗೆ ಹೋಗಿಲ್ಲ, ಹೋದ ಚಳಿಗಾಲದಲ್ಲೇ ತೀರಿಕೊಂಡಳು ಎಂದು. ಮುದುಕರು ಟೋಪಿ ತೆಗೆದರು. ಕೈಯಲ್ಲಿ ಮಣ್ಣು ಮೆತ್ತಿದ್ದರಿಂದ ಯಾರನ್ನೂ ಮುಟ್ಟಲಾರದೆ, ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತರು. "ಸಾರಿ" ಎಂದರು. ಆ ದೇಶದಲ್ಲಿ ಹೆಗಲು ತಾಕಿದರೂ ಅದೇ ಮಾತು, ಗೇಟಿನಲ್ಲಿ ಸೆರಗು ಸಿಕ್ಕಿಕೊಂಡರೂ ಅದೇ ಮಾತು. ಅವತ್ತು ಅದು ಬೇರೆ ಮಾತಾಗಿ ಕೇಳಿಸಿತು.

ಅಮ್ಮು ತಂದೆಯನ್ನು ನೋಡಿದ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

"ಯಾಕೆ ಹೇಳಿದೆ?" ಎಂದಳು. "ಇಲ್ಲಿ ಹೇಳಬಾರದಿತ್ತು."

ಜಲ್ಲಿಕಲ್ಲಿನ ದಾರಿಯಲ್ಲೇ ಕುಸಿದು ಕೂತಳು. ಅವಳ ಅಳು ಮೊದಲು ಸದ್ದಿಲ್ಲದೆ ಬಂತು, ಆಮೇಲೆ ಆ ಇಟ್ಟಿಗೆ ಗೋಡೆಗಳೆಲ್ಲ ಕೇಳುವ ಹಾಗೆ ಬಂತು. ಅಮ್ಮಾ ಎಂದು ಮಲಯಾಳದಲ್ಲಿ ಏನೇನೋ ಕರೆದಳು. ತಾಯಿ ಸತ್ತ ಮೇಲೆ ಅವಳು ಹಾಗೆ ಅತ್ತದ್ದು ಅದೇ ಮೊದಲು ಎಂದು ಮಾದೇಶ ಆಮೇಲೆ ಹೇಳಿದ. ನಾನು ಎತ್ತಿಕೊಳ್ಳಲು ಹೋದೆ, ನನ್ನ ಕೈ ತಳ್ಳಿದಳು. ಮಾದೇಶ ಎತ್ತಿಕೊಂಡ. ಅವನ ಎದೆಗೆ ಗುದ್ದಿದಳು, ಗುದ್ದುತ್ತಲೇ ಅವನ ಕತ್ತು ತಬ್ಬಿಕೊಂಡಳು. ಅಲ್ಲಿಂದ ಕಾರಿನವರೆಗೂ ಅವನು ಅವಳನ್ನು ಹೊತ್ತೇ ನಡೆದ. ಕವಲಿನ ಹತ್ತಿರ ನಿಂತು, ಬಗ್ಗಿ ನೋಡಿ, ಸರಿಯಾದ ದಾರಿ ಹಿಡಿದ.

ನೀನು ನನ್ನ ಜೊತೆ ಬರುವುದಿಲ್ಲ, ಅಪ್ಪನ ಹತ್ತಿರವೇ ಇರುತ್ತೀಯ ಎಂದು ಮನೆಗೆ ಬಂದ ಮೇಲೆ ಹೇಳಿದೆ. ಅದಕ್ಕೂ ಅವಳು "ಸರಿ" ಎಂದಳು. ಆದರೆ ರಾತ್ರಿ ತಂದೆಯ ಪಕ್ಕದಲ್ಲಿ ಮಲಗಿದಳು, ನನ್ನ ಪಕ್ಕದಲ್ಲಲ್ಲ. ಹಾಸಿಗೆಯಲ್ಲಿ ನಾನೊಬ್ಬಳೇ ಇದ್ದಾಗ, ನಾನು ಮಾಡಿದ್ದು ಸರಿಯೋ ಎಂದು ಬಹಳ ಯೋಚಿಸಿದೆ. ಆ ಮಗುವಿಗೆ ತಾಯಿ ಬದುಕಿದ್ದ ಜಾಗ ಒಂದಿತ್ತು. ಅದನ್ನು ನಾವು ಕಿತ್ತುಕೊಂಡೆವು. ಸುಳ್ಳೇ ಆಗಿರಬಹುದು, ಅವಳಿಗೆ ಬೇರೆ ಇರಲಿಲ್ಲ.

ಗುಂಡ್ಲುಪೇಟೆ

ವಿಮಾನದಲ್ಲಿ ಅಮ್ಮುವಿಗೆಂದು ತೆಗೆದಿದ್ದ ಸೀಟು ನನ್ನ ಪಕ್ಕದಲ್ಲೇ ಖಾಲಿಯಿತ್ತು. ಯಾರೋ ಒಬ್ಬರು ಅದರ ಮೇಲೆ ಕೋಟು ಇಡಬಹುದೇ ಎಂದು ಕೇಳಿದರು. ಇಡಿ ಎಂದೆ.

ಮೈಸೂರಿನಲ್ಲಿ ಬಸ್ಸು ಹಿಡಿದು ಬರುವಾಗ ಬೇಸಿಗೆಯ ಮೊದಲ ಮಳೆ ಆಗಿತ್ತು, ನಂಜನಗೂಡು ದಾಟಿದ ಮೇಲೆ ಹೊಲಗಳಲ್ಲಿ ಟ್ರ್ಯಾಕ್ಟರ್ ಓಡುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎಲ್ಲಿಂದ ಬಂದಿರಿ, ಯಾಕೆ ಹೋಗಿದ್ದಿರಿ, ಮಕ್ಕಳೆಷ್ಟು ಎಂದು ಕೇಳಿದಳು. ಮೂರನೇ ಪ್ರಶ್ನೆಗೆ ನಾನು ಕಿಟಕಿಯ ಕಡೆ ತಿರುಗಿದೆ. ಮಾದೇಶನಿಗೆ, ಅಮ್ಮುವಿಗೆ, ಬತ್ತೇರಿಯ ತಾಯಿಗೆ ದುಃಖವಿದೆ, ಜನರಿಗೆ ಅದು ಗೊತ್ತು, ಬಂದು ಮಾತಾಡಿಸುತ್ತಾರೆ. ನನಗೆ ಆದದ್ದು ಏನು ಎಂದು ಯಾರಿಗೆ ಹೇಳಲಿ? ಹುಟ್ಟದ ಮಗುವಲ್ಲ, ಸತ್ತ ಮಗುವಲ್ಲ. ನನ್ನದಾಗಬೇಕಿದ್ದ ಮಗು ಅವಳ ಅಪ್ಪನ ಹತ್ತಿರ ಚೆನ್ನಾಗಿರಲಿ ಎಂದು ನಾನೇ ಬಿಟ್ಟು ಬಂದೆ.

ಫೋನಿನಲ್ಲಿ ಅವ್ವನಿಗೆ ಹೇಳುವ ಧೈರ್ಯ ಬಂದಿರಲಿಲ್ಲ. ಆಟೋ ಮನೆ ಮುಂದೆ ನಿಂತಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಆಚೀಚೆ ಮನೆಯ ಇಬ್ಬರು ಹೆಂಗಸರೂ ಇದ್ದರು. ನಾನು ಇಳಿದೆ. ಅವ್ವ ನನ್ನನ್ನು ದಾಟಿ ಆಟೋದ ಒಳಗೆ ಬಗ್ಗಿ ನೋಡಿದಳು.

"ಕೂಸೆಲ್ಲಮ್ಮಿ?"

"ಬರಲಿಲ್ಲ ಕಣವ್ವ. ಅವಳು ಅಪ್ಪನ ಬಿಟ್ಟು ಇರಲ್ಲ. ನಾನೇ ಬಿಟ್ಟು ಬಂದೆ."

ಪಕ್ಕದ ಮನೆಯವರು ಏನೋ ಹೇಳಲು ಬಂದರು. ಅವ್ವ ಅವರ ಕಡೆ ನೋಡಲಿಲ್ಲ. ಬೈಯುತ್ತಾಳೆ ಎಂದು ನಾನು ಕಾದೆ. ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕೈಯಿಂದ ಚೀಲ ತೆಗೆದುಕೊಂಡಳು.

"ಬಾ ಮಗ, ಉಣ್ಣು ಬಾ" ಎಂದಳು.

ಅವ್ವ ಮೊಮ್ಮಗಳಿಗೆಂದು ಒಬ್ಬಟ್ಟು ಮಾಡಿದ್ದಳು. ಖಾರ ತಿನ್ನಲಾರಳೇನೋ ಎಂದು ಬೇಳೆ ಸಾರನ್ನು ಸಪ್ಪಗೆ ಮಾಡಿದ್ದಳು. ಒಂದು ಹೊಸ ಪುಟ್ಟ ತಟ್ಟೆಯನ್ನೂ ತೊಳೆದಿಟ್ಟಿದ್ದಳು. ಒಂದು ಕ್ಷಣ ನಿಂತು ನೋಡಿ, ಅದನ್ನೇ ನನ್ನ ಮುಂದಿಟ್ಟು ಎಲ್ಲವನ್ನೂ ಬಡಿಸಿದಳು. ಒಬ್ಬಟ್ಟನ್ನು ಮಕ್ಕಳಿಗೆ ಮುರಿಯುವ ಹಾಗೆ ಸಣ್ಣ ಸಣ್ಣ ಚೂರು ಮಾಡಿ, ಮೇಲೆ ತುಪ್ಪ ಹಾಕಿ, ತಾನು ಉಣ್ಣದೆ ಎದುರಿಗೆ ಕೂತಳು. ನಾನು ತಲೆ ಬಗ್ಗಿಸಿ ಒಂದು ಚೂರೂ ಬಿಡದೆ ತಿಂದೆ.